ಮೀಸೆಯಿದ್ದ ಶೂರ್ಪನಖಿ: ಡೊಂಬಿವಲಿಯ ಒಂದು ಹಾರರ್ ಪಂಕ್ ತಂಡದ ಪ್ರಕರಣ

2015ರ ಜೂನ್ ತಿಂಗಳ ಒಂದು ಭಾನುವಾರ, ಮುಂಬಯಿಯ ಮಾಟುಂಗಾದ ಹಳೆಯ ಉಡುಪಿ ಹೋಟೆಲೊಂದರ ಮೂಲೆಯ ಮೇಜಿನ ಮೇಲೆ ಕಪ್ಪು ಟೀ ಶರ್ಟ್ ಹರಡಿತ್ತು. ಅದರ ಎದೆಯ ಭಾಗದಲ್ಲಿ ಬಿಳಿ ಗೆರೆಗಳ ಒಂದು ರಾಕ್ಷಸ ಮುಖ. ಉರಿಗಣ್ಣು, ಕೆನ್ನೆಯ ಸುತ್ತ ಯಕ್ಷಗಾನದ ರಾಕ್ಷಸವೇಷಕ್ಕೆ ಇಡುವಂತೆ ಮುಳ್ಳುಮುಳ್ಳಾಗಿ ಎದ್ದ ಚುಟ್ಟಿ, ದಪ್ಪ ಮೀಸೆ, ಮೀಸೆಯ ಕೆಳಗೆ ತಲೆಬುರುಡೆಯ ಹಲ್ಲು. ಮೇಜಿನ ಸುತ್ತ ಕುಳಿತ ನಾಲ್ವರೂ ಇಪ್ಪತ್ತಾರು, ಇಪ್ಪತ್ತೇಳರ ಹುಡುಗರು. ವರ್ಷಗಟ್ಟಲೆ ಒಂದೇ ವೇದಿಕೆಯ ಮೇಲೆ ಕಿರುಚಿದವರು ಅಂದು ಒಬ್ಬರ ಮುಖ ಒಬ್ಬರು ನೋಡದೆ ಸಾಂಬಾರಿನಲ್ಲಿ ಚಮಚ ಆಡಿಸುತ್ತಿದ್ದರು. ಐದನೆಯವನು ನಾನು, ನೀಲಿ ರಟ್ಟಿನ ಲೆಕ್ಕದ ಪುಸ್ತಕ ಹಿಡಿದುಕೊಂಡು.

ಇತ್ಯರ್ಥವಾಗಬೇಕಿದ್ದ ವಿಷಯ ಒಂದೇ. ಆ ಮುಖ ಯಾರದು?

ನಾನು ಸಂಗೀತಗಾರನಲ್ಲ. ಠಾಣೆಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವವನು. ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ನನ್ನ ಚಿಕ್ಕಮ್ಮನ ಮಗ. "ಅಣ್ಣಾ, ನಾಲ್ಕು ಕಾಸು ಬರಲು ಶುರುವಾಗಿದೆ, ಯಾರಾದರೂ ಬರೆದಿಡಬೇಕು" ಎಂದು 2010ರಲ್ಲಿ ಅವನು ಒಂದು ಪ್ಲಾಸ್ಟಿಕ್ ಚೀಲದ ತುಂಬ ಚೀಟಿಗಳನ್ನು ತಂದು ಸುರಿದಾಗ ನಾನು ಇದರೊಳಗೆ ಬಿದ್ದೆ. ಹುಡುಗರ ಹೆಸರನ್ನೂ ತಂಡದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಇಬ್ಬರಿಗೆ ಮದುವೆಯಾಗಿದೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ಆ ಕಾಲದ ಫೋಟೊಗಳ ಬಗ್ಗೆ ಅವನ ಮೇಲಧಿಕಾರಿಗಳಿಗೆ ತಿಳಿದಿಲ್ಲ. ವಾದ್ಯದ ಗುರುತಿನಿಂದಲೇ ಅವರನ್ನು ಕರೆಯುತ್ತೇನೆ. ಇಂಥ ತಂಡಗಳ ಚರಿತ್ರೆ ಬರೆಯುವವರು ಹಾಡಿನಿಂದ ಆರಂಭಿಸುವುದು ವಾಡಿಕೆ. ನನಗೆ ಗೊತ್ತಿರುವುದು ಖರ್ಚಿನ ಪುಟ.

ಡೊಂಬಿವಲಿಯ ಭಾನುವಾರಗಳು

ನಾಲ್ವರೂ ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದವರು, ಕರಾವಳಿಯಿಂದ ಬಂದ ಮನೆತನಗಳವರು. ಮನೆಯೊಳಗೆ ತುಳು, ಊರಿನ ಅಜ್ಜಿಗೆ ಬರೆಯುವ ಪತ್ರದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ರಿಕ್ಷಾದವನೊಂದಿಗೆ ಮರಾಠಿ, ಜಗಳಕ್ಕೆ ಹಿಂದಿ. 2009ರ ಮಳೆಗಾಲದಲ್ಲಿ, ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ತಂಡ ಕಟ್ಟಿದರು. ಅಭ್ಯಾಸಕ್ಕೆ ಜ್ಯಾಮ್‌ಪ್ಯಾಡ್, ಅಂದರೆ ಗಂಟೆಯ ಬಾಡಿಗೆಗೆ ಸಿಗುವ, ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಒಂದು ನೆಲಮಾಳಿಗೆ. ಗಂಟೆಗೆ 250 ರೂಪಾಯಿ, ಪ್ರತಿ ಭಾನುವಾರ ಎರಡು ಗಂಟೆ, ತಲಾ 125. ಪುಸ್ತಕದ ಮೊದಲ ಪುಟದಲ್ಲಿ ಇದೇ ಸಾಲು ಹದಿನೇಳು ಬಾರಿ ಇದೆ. ಡ್ರಮ್ ಬಾರಿಸುವವನ ಮನೆಯಲ್ಲಿ ಡ್ರಮ್ ಇರಲಿಲ್ಲ. ಒಂದು ಕೋಣೆ, ಅಡುಗೆಮನೆಯ ಫ್ಲ್ಯಾಟಿನಲ್ಲಿ ಇಡುವುದಾದರೂ ಎಲ್ಲಿ? ವಾರವಿಡೀ ಲೋಡಿನ ಮೇಲೆ ಬಡಿದು, ಭಾನುವಾರ ಆ ಎರಡು ಗಂಟೆಗಳಲ್ಲಿ ನಿಜವಾದ ಚರ್ಮವನ್ನು ಮುಟ್ಟುತ್ತಿದ್ದ.

ಹಾರರ್ ಪಂಕ್, ಅಂದರೆ ಭಯದ ಕಥೆಗಳನ್ನು ಕಿರುಚಿ ಹಾಡುವ ಈ ಒರಟು, ವೇಗದ ರಾಕ್ ಏಕೆ ಎಂದು ಒಮ್ಮೆ ಕೇಳಿದೆ. ಗಾಯಕ ಕೊಟ್ಟ ಉತ್ತರ ಹಿಂದಿಯ ಭಯದ ಚಿತ್ರಗಳನ್ನು ತೆಗೆದ ರಾಮ್ಸೆ ಸಹೋದರರದು. 1993ರಲ್ಲಿ ಝೀ ವಾಹಿನಿಯಲ್ಲಿ ಅವರ ಭಯದ ಧಾರಾವಾಹಿ ಶುರುವಾದಾಗ ಈ ಹುಡುಗರಿಗೆ ನಾಲ್ಕೈದು ವರ್ಷ. ಅಕ್ಕಂದಿರ ಬೆನ್ನ ಹಿಂದೆ ಅಡಗಿ, ಬೆರಳ ಸಂದಿಯಿಂದ ನೋಡಿದವರು. ಮುಂದೆ ಕೇಬಲ್‌ನವನ ಕೃಪೆಯಿಂದ 1984ರ 'ಪುರಾನಾ ಮಂದಿರ್' ಕೂಡ ಕಂಡರು. ರಾಮ್ಸೆಯವರ ಬಗ್ಗೆ ನಗುವುದು ಸುಲಭ. ಆದರೆ ಏಳು ಮಂದಿ ಅಣ್ಣತಮ್ಮಂದಿರು ಕ್ಯಾಮೆರಾ, ಧ್ವನಿ, ನಿರ್ದೇಶನ ಎಲ್ಲವನ್ನೂ ತಮ್ಮೊಳಗೇ ಹಂಚಿಕೊಂಡು, 1972ರಲ್ಲಿ ಮನೆಮಂದಿಯನ್ನೆಲ್ಲ ಮಹಾಬಲೇಶ್ವರಕ್ಕೆ ಕರೆದೊಯ್ದು ಅತಿ ಕಡಿಮೆ ಖರ್ಚಿನಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಮುಗಿಸಿದ ರೀತಿಯನ್ನು ಒಬ್ಬ ಲೆಕ್ಕಿಗನಾಗಿ ನಾನು ಗೌರವಿಸುತ್ತೇನೆ.

ಸಂಗೀತ ಬಂದದ್ದು ಬೇರೆ ದಾರಿಯಿಂದ. ಗಿಟಾರಿನವನು ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ಭಕ್ತ. ಮೆಟಾಲಿಕಾ 1987ರ ತನ್ನ ಕಿರು ಧ್ವನಿಮುದ್ರಣವೊಂದರಲ್ಲಿ ಬೇರೆ ಯಾರದೋ ಎರಡು ಹಾಡುಗಳನ್ನು ಒಂದಕ್ಕೊಂದು ಹೊಲಿದು ನುಡಿಸಿತ್ತು. ಅದರ ಬಾಲ ಹಿಡಿದು ಹೋದರೆ ಅಲ್ಲಿ ಸಿಕ್ಕಿದ್ದು ಆ ಹಾಡುಗಳ ಮೂಲ ತಂಡ ಮಿಸ್‌ಫಿಟ್ಸ್.

ಲೋಡೈ ಊರಿನ ಅಣ್ಣತಮ್ಮಂದಿರು

ಈ ಪ್ರಕರಣಕ್ಕೆ ಮಿಸ್‌ಫಿಟ್ಸ್ ಕಥೆ ಅಲಂಕಾರವಲ್ಲ, ಪೂರ್ವನಿದರ್ಶನ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ನ್ಯೂ ಜೆರ್ಸಿಯ ಲೋಡೈ ಎಂಬ ಸಣ್ಣ ಊರಿನಲ್ಲಿ 1977ರಲ್ಲಿ ಗ್ಲೆನ್ ಡ್ಯಾನ್‌ಜಿಗ್ ಆ ತಂಡ ಕಟ್ಟಿದ. ಬೇಸ್ ಹಿಡಿದವನು ಜೆರ್ರಿ ಓನ್ಲಿ. ತಂಡದ ಹೆಸರು ಮರ್ಲಿನ್ ಮನ್ರೋ ಪೂರ್ಣಗೊಳಿಸಿದ ಕೊನೆಯ ಚಿತ್ರದ್ದು. ಮೊದಲ ಧ್ವನಿತಟ್ಟೆಯನ್ನು 500 ಪ್ರತಿ ಒತ್ತಿಸಿ ತಾವೇ ಮಾರಿದರು; ಅದರಲ್ಲಿ ಗಿಟಾರೇ ಇಲ್ಲ, ಎಲೆಕ್ಟ್ರಿಕ್ ಪಿಯಾನೊ ಇದೆ. ಅದನ್ನು ಹೊರತರಲು ಅವರು ಮಾಡಿಕೊಂಡ ಲೇಬಲ್ಲಿನ, ಅಂದರೆ ಧ್ವನಿತಟ್ಟೆ ಸಂಸ್ಥೆಯ, ಹೆಸರು ಬ್ಲ್ಯಾಂಕ್. ಅದೇ ಹೆಸರು ಬೇಕಾಗಿದ್ದ ಮರ್ಕ್ಯುರಿ ಎಂಬ ದೊಡ್ಡ ಕಂಪನಿ ಬದಲಿಗೆ 30 ಗಂಟೆಗಳ ಸ್ಟುಡಿಯೊ ಸಮಯ ಕೊಟ್ಟಿತು. 1978ರ ಆರಂಭದಲ್ಲಿ ಆ 30 ಗಂಟೆಗಳಲ್ಲಿ ಹದಿನೇಳು ಹಾಡುಗಳನ್ನು ಮುದ್ರಿಸಿದರು. ಯಾವ ಕಂಪನಿಯೂ ಅದನ್ನು ಹೊರತರಲು ಮುಂದೆ ಬರಲಿಲ್ಲ. ಇಡಿಯ ಸಂಕಲನ ಹೊರಬಂದದ್ದು 1996-97ರಲ್ಲಿ. ಒಂದು ಹೆಸರನ್ನು ಮಾರಿ ಗಳಿಸಿದ ಹಾಡುಗಳು ಇಡಿಯಾಗಿ ಹೊರಬರಲು ಹದಿನೆಂಟು ವರ್ಷ ಹಿಡಿಯಿತು ಎಂಬುದು ನನಗೆ ಬಹಳ ಹಿಡಿಸಿದ ವಿವರ.

ಹೊಸ ಲೇಬಲ್ಲಿಗೆ ಪ್ಲಾನ್ 9 ಎಂದು ಹೆಸರಿಟ್ಟರು, ನಿರ್ದೇಶಕ ಎಡ್ ವುಡ್‌ನ ಅಗ್ಗದ ಚಿತ್ರವೊಂದರಿಂದ ಎತ್ತಿಕೊಂಡು. 1979ರ ಒಂದು ತಟ್ಟೆಯ ಹೊದಿಕೆಯ ಮೇಲೆ 'ದಿ ಕ್ರಿಮ್ಸನ್ ಘೋಸ್ಟ್' ಎಂಬ 1946ರ ಕಂತು ಚಿತ್ರದ ಖಳನ ತಲೆಬುರುಡೆ ಮುಖವನ್ನು ಹಾಕಿದರು. ಮುಂದೆ ಅದೇ ಅವರ ಗುರುತಾಯಿತು. 1980ರಲ್ಲಿ ಜೆರ್ರಿಯ ತಮ್ಮ ಡಾಯ್ಲ್ ಹದಿನಾರನೆಯ ವಯಸ್ಸಿಗೆ ಗಿಟಾರ್ ಹಿಡಿದು ಸೇರಿಕೊಂಡ. 1982ರ ಅಕ್ಟೋಬರಿನಲ್ಲಿ ನ್ಯೂ ಆರ್ಲಿಯನ್ಸ್‌ನ ಸ್ಮಶಾನದಲ್ಲಿ ಮಂತ್ರವಾದಿ ಹೆಂಗಸು ಎಂದು ಹೆಸರಾಗಿದ್ದ ಮರೀ ಲಾವೋಳ ಗೋರಿ ಹುಡುಕುತ್ತ ಪೊಲೀಸರ ಕೈಗೆ ಸಿಕ್ಕಿಬಿದ್ದರು. 1983ರ ಅಕ್ಟೋಬರ್ 29ರಂದು ಡೆಟ್ರಾಯ್ಟ್‌ನ ಕಾರ್ಯಕ್ರಮದಲ್ಲಿ ಡ್ರಮ್ಮಿನವನು ಕುಡಿದು ತೂರಾಡಿದ, ಅಲ್ಲಿಗೆ ತಂಡ ಮುಗಿಯಿತು.

ಗ್ಲೆನ್, ಜೆರ್ರಿ ಇಬ್ಬರ ಜಗಳ ಮಾತ್ರ ಮುಗಿಯಲಿಲ್ಲ. ವರ್ಷಗಳ ವ್ಯಾಜ್ಯದ ನಂತರ 1994ರ ಒಪ್ಪಂದದಲ್ಲಿ ಆ ಹೆಸರಿನಲ್ಲಿ ನುಡಿಸುವ ಹಕ್ಕು ಜೆರ್ರಿಯದಾಯಿತು, ಬುರುಡೆ ಮುದ್ರಿಸಿದ ಬಟ್ಟೆಬರೆಯ ವ್ಯಾಪಾರ ಇಬ್ಬರದೂ ಎಂದಾಯಿತು. 2014ರಲ್ಲಿ ಡ್ಯಾನ್‌ಜಿಗ್ ಅದೇ ವ್ಯಾಪಾರದ ವಿಷಯದಲ್ಲಿ ಮತ್ತೆ ಕೋರ್ಟಿಗೆ ಹೋದ, ಅದೇ ವರ್ಷ ಆ ದಾವೆ ವಜಾ ಆಯಿತು. ಹೆಸರು ಮನ್ರೋ ಚಿತ್ರದ್ದು, ಲೇಬಲ್ ಎಡ್ ವುಡ್‌ನದು, ಮುಖ 1946ರದು, "ವೋ ಓ" ಎಂಬ ಗುಂಪುಪಲ್ಲವಿ ಐವತ್ತರ ದಶಕದ ರಾಕ್ ಅಂಡ್ ರೋಲ್‌ನದು. ಹಗ್ಗಜಗ್ಗಾಟ ನಡೆದದ್ದು ಇವುಗಳಿಗಾಗಿಯೇ.

ನಮ್ಮ ಹುಡುಗರು ಈ ಕಥೆಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ನಗುತ್ತ ಒಪ್ಪಿಸುತ್ತಿದ್ದರು.

ಕುಂಡೋದರನ ನಾಲ್ಕು ಪೆಟ್ಟು

ಮೊದಲ ವರ್ಷ ಇಂಗ್ಲಿಷಿನಲ್ಲಿ ಹಾಡಿದರು. ನಾನು ಕೇಳಿದ್ದೇನೆ, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕನ್ನಡಕ್ಕೆ ಬಂದದ್ದು ಗಾಯಕನ ಸೋದರಮಾವನ ದೆಸೆಯಿಂದ.

ಆ ಮಾವ ಎಪ್ಪತ್ತರ ದಶಕದಲ್ಲಿ ಬೊಂಬಾಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಅದೇ ಹೋಟೆಲಿನ ಮ್ಯಾನೇಜರ್ ಆದವರು. ಜೊತೆಗೆ ಇಲ್ಲಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಬಣ್ಣದ ವೇಷಧಾರಿ; ರಾಕ್ಷಸ ಪಾತ್ರಗಳು ಅವರವು. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮಳೆಗಾಲದ ತಿರುಗಾಟಕ್ಕೆ ಮುಂಬಯಿಗೆ ಬರುತ್ತಾರಲ್ಲ, ಆಗ ಮಾವನ ಮನೆಯ ಜಗಲಿ ಛತ್ರವಾಗುತ್ತಿತ್ತು. ಗಾಯಕ ಹುಡುಗ ಬೆಳೆದದ್ದು ವೇಷ ಕಟ್ಟುವ ಚೌಕಿಯಲ್ಲಿ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳಾಗಿ ಕೆನ್ನೆಯ ಮೇಲೆ ಇಡುತ್ತ ಮಾವ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತಿರುವುದನ್ನೂ, ಪರಿಚಿತ ಮುಖ ಕಣ್ಣೆದುರೇ ಕಾಣೆಯಾಗುವುದನ್ನೂ ನೋಡುತ್ತ ಬೆಳೆದ. ತೆರೆಯ ಹಿಂದಿನ ಆರ್ಭಟ, ದೀವಟಿಗೆಗೆ ಎರಚಿದ ರಾಳದ ಪುಡಿ ಭುಗಿಲೆಂದಾಗ ಎದ್ದು ನಿಲ್ಲುವ ಎದುರುಸಾಲಿನ ಮಕ್ಕಳು. ಭಯಹುಟ್ಟಿಸುವ ಪ್ರವೇಶ ಹೇಗಿರಬೇಕೆಂದು ಅವನು ನ್ಯೂ ಜೆರ್ಸಿಯಿಂದ ಕಲಿಯಬೇಕಾಗಿರಲಿಲ್ಲ. ಇದು ಅವನಿಗೆ ಹೊಳೆಯಲು ಒಂದು ವರ್ಷ ಹಿಡಿಯಿತು.

2010ರಲ್ಲಿ ಅವರು ಕಟ್ಟಿದ ಹಡಗಿನ ಹಾಡು ತುಳುನಾಡಿನ ಅಳಿಯಸಂತಾನದ ಐತಿಹ್ಯವನ್ನು ಹೇಳುತ್ತದೆ. ಕಥೆ ಕರಾವಳಿಯವರಿಗೆ ಗೊತ್ತು. ದೇವಪಾಂಡ್ಯನ ಹೊಸ ಹಡಗುಗಳು ನೀರಿಗಿಳಿಯಬೇಕಾದರೆ ನರಬಲಿ ಬೇಕೆಂದು ಭೂತರಾಜ ಕುಂಡೋದರ ಕೇಳುತ್ತಾನೆ. ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪುವುದಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ಒಪ್ಪಿಸುತ್ತಾಳೆ. ಮೆಚ್ಚಿದ ಕುಂಡೋದರ ಬಲಿಯನ್ನು ಬಿಟ್ಟುಕೊಡುತ್ತಾನೆ. ಆ ಹುಡುಗನೇ ಭೂತಾಳಪಾಂಡ್ಯನಾಗಿ, ಇನ್ನು ಮುಂದೆ ಆಸ್ತಿ ಮಗನಿಗಲ್ಲ, ಸೋದರಳಿಯನಿಗೆ ಎಂಬ ಕಟ್ಟು ಮಾಡುತ್ತಾನೆ. ಭೂತ, ಸಮುದ್ರ, ಬಲಿ, ಆಸ್ತಿ ಎಲ್ಲ ಒಂದೇ ಕಥೆಯಲ್ಲಿ! ಎರಡೂವರೆ ನಿಮಿಷದ ಪಂಕ್ ಹಾಡಿಗೆ ಇದಕ್ಕಿಂತ ದಟ್ಟವಾದ ವಸ್ತು ನನಗೆ ಕಾಣದು.

ತೊಡಕು ಭಾಷೆಯದು. ಪಂಕ್‌ನ ಓಟಕ್ಕೆ ಇಂಗ್ಲಿಷಿನ ಒಂದಕ್ಷರದ ಪದಗಳು ಮೊಳೆ ಹೊಡೆದಂತೆ ಕೂರುತ್ತವೆ. ಕನ್ನಡದ ಪದಕ್ಕೆ ವಿಭಕ್ತಿ ಸೇರಿದರೆ ಅದೇ ಅರ್ಧ ಸಾಲು ತಿನ್ನುತ್ತದೆ, ಕೊನೆಗೆ ಸ್ವರ ಬೇರೆ ಎಳೆಯುತ್ತದೆ. ತಿಂಗಳುಗಟ್ಟಲೆ ಒದ್ದಾಡಿದರು. ಕೊನೆಗೆ ಮಾವ ಮಂಡಿಯ ಮೇಲೆ ತಾಳ ಹಾಕಿ, ಭಾಗವತರು ಪದವನ್ನು ಇಡಿಯಾಗಿ ಹೇಳಬೇಕೆಂದು ಕಾಯುವುದಿಲ್ಲ, ತಾಳ ಕತ್ತರಿಸಿದಲ್ಲಿ ಪದ ತಾನೂ ಮುರಿದುಕೊಳ್ಳುತ್ತದೆ ಎಂದು ತೋರಿಸಿದರು. ಪಲ್ಲವಿ ಅಲ್ಲಿಂದ ಹುಟ್ಟಿತು: ಕುಂ, ಡೋ, ದ, ರ. ನಾಲ್ಕು ಅಕ್ಷರ, ನಾಲ್ಕು ಪೆಟ್ಟು, ಅದರ ಬೆನ್ನಿಗೆ ನಾಲ್ವರ ಗಂಟಲಿನಿಂದ ಒಂದು ಉದ್ದದ "ಓ". ಅಂಧೇರಿಯ ಪಬ್ಬಿನಲ್ಲಿ ಒಂದಕ್ಷರ ಕನ್ನಡ ಬಾರದ ಹುಡುಗಿಯರು ಕೈಯೆತ್ತಿ ಕುಂಡೋದರನನ್ನು ಕೂಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಳುವಿನ ಕಥನಗೀತೆ ಪಾಡ್ದನ ಹೇಳುತ್ತಿದ್ದ ಅಜ್ಜಿಯಂದಿರು ಏನೆನ್ನುತ್ತಿದ್ದರೋ.

ಚೆಂಡೆ ಸೇರಿಸುವ ಪ್ರಯತ್ನವೂ ಆಯಿತು, ಒಂದೇ ಸಲ. ಚೆಂಡೆಯ ಸದ್ದು ಜ್ಯಾಮ್‌ಪ್ಯಾಡಿನ ಎಲ್ಲ ಮೈಕುಗಳಿಗೂ ನುಗ್ಗಿ ಗಿಟಾರನ್ನು ನುಂಗಿಹಾಕಿತು. ಮಾಲೀಕನು ಮರುದಿನದಿಂದ ಗಂಟೆಗೆ ಐವತ್ತು ರೂಪಾಯಿ ಏರಿಸಿದ.

ಕಾರ್ಯಕ್ರಮಗಳು

ಇದನ್ನು ಬೇಗ ಮುಗಿಸುತ್ತೇನೆ, ಹೇಳುವಂಥದ್ದು ಕಡಿಮೆ. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತೋತ್ಸವ ಶುರುವಾಗಿ ಧೋಬಿ ತಲಾವಿನ ರಂಗಭವನದ ತೆರೆದ ಅಂಗಳದಲ್ಲಿ ಸಾವಿರಾರು ಜನ ಸೇರುತ್ತಿದ್ದ ಕಾಲ ಇವರು ಹುಟ್ಟುವ ಹೊತ್ತಿನದು. ಸುತ್ತ ಆಸ್ಪತ್ರೆ, ಕಾಲೇಜು ಇದ್ದುದರಿಂದ ಆ ಜಾಗ ನಿಶ್ಶಬ್ದ ವಲಯವಾಗಿ ಅಲ್ಲಿ ಸಂಗೀತವೇ ನಿಂತಿತ್ತು. ಇವರ ಪಾಲಿಗೆ ಉಳಿದದ್ದು ಪಬ್ಬುಗಳು, ಕಾಲೇಜು ಉತ್ಸವಗಳು. ಮುಂಬಯಿಯಲ್ಲಿ ಆಗ ಪಂಕ್ ಎಂದರೆ ದಿ ರಯಟ್ ಪೆಡ್ಲರ್ಸ್, ದಿ ಲೈಟ್‌ಇಯರ್ಸ್ ಎಕ್ಸ್‌ಪ್ಲೋಡ್ ಮೊದಲಾದ ಬೆರಳೆಣಿಕೆಯ ತಂಡಗಳು. ಇವರು ಆ ಬೆರಳುಗಳ ಲೆಕ್ಕಕ್ಕೂ ಸೇರಿದವರಲ್ಲ.

ಒಟ್ಟು 23 ಕಾರ್ಯಕ್ರಮ, ಹಣ ಸಿಕ್ಕಿದ್ದು ಒಂಬತ್ತರಲ್ಲಿ, ಅತಿ ಹೆಚ್ಚೆಂದರೆ 12,000 ರೂಪಾಯಿ. ಉಳಿದ ಹದಿನಾಲ್ಕಕ್ಕೆ ನನ್ನ ಪುಸ್ತಕದಲ್ಲಿ "ಊಟ" ಎಂದಷ್ಟೇ ಇದೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ನಾಲ್ಕು ಗೋಡೆಗಳೊಳಗಿನ ಪಬ್ಬಿಗೆ ಅನ್ವಯಿಸದಿದ್ದರೂ, ಕಲ್ಯಾಣದ ಕಡೆಯ ಕೊನೆಯ ಲೋಕಲ್ ಎಂಬ ನಿಯಮ ಎಲ್ಲೆಡೆಗೂ ಅನ್ವಯಿಸುತ್ತದೆ. ಕೊನೆಯ ಹಾಡನ್ನು ಅರ್ಧಕ್ಕೆ ಬಿಟ್ಟು ಗಿಟಾರ್ ಚೀಲ ಹೆಗಲಿಗೇರಿಸಿ ಓಡಿದ್ದು ಎಷ್ಟು ಸಲವೋ. ಒಮ್ಮೆ ಗಾಯಕ ಮಾವನಂತೆ ಪಂಜು ಹಚ್ಚಿ ರಾಳ ಎರಚಿದ. ಹಾಡು ಮುಗಿಯುವ ಮುನ್ನವೇ ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಕಾವಲುಗಾರ ವೇದಿಕೆಯ ಮೇಲಿದ್ದ. ಆ ಪಬ್ಬಿನ ಕಡೆ ಮತ್ತೆ ಹೋಗಲಿಲ್ಲ.

ಮುಖದ ಲೆಕ್ಕ

2011ರಲ್ಲಿ ನಾಲ್ಕು ಹಾಡುಗಳ ಸಿ.ಡಿ. ಮಾಡಿದರು. ಲ್ಯಾಮಿಂಗ್ಟನ್ ರಸ್ತೆಯಿಂದ ಖಾಲಿ ತಟ್ಟೆ ತಂದು, ರಾತ್ರಿ ಮನೆಯಲ್ಲೇ ಬರೆದು, ಹೊದಿಕೆ ಮಡಚಿದರು. ಹೊದಿಕೆಗೆ ಚಿತ್ರ ಬೇಕಿತ್ತು. ಗಾಯಕ ಮನೆಯಿಂದ ಮಾವನ ಒಂದು ಹಳೆಯ ಕಪ್ಪುಬಿಳುಪು ವೇಷದ ಫೋಟೊ ತಂದು ಗಿಟಾರಿನವನ ಕೈಗಿತ್ತ. ಅವನು ಕಲಾಶಾಲೆಯಲ್ಲಿ ಒಂದು ವರ್ಷ ಓದಿ ಬಿಟ್ಟವನು. ಫೋಟೊದ ಹಣೆ, ಕಣ್ಣುಗಳನ್ನು ಎತ್ತಿಕೊಂಡ, ಬೇರೆ ವೇಷಗಳಲ್ಲಿ ಕಂಡಿದ್ದ ಚುಟ್ಟಿಯನ್ನು ಕೆನ್ನೆಗೆ ಸೇರಿಸಿದ, ಮೀಸೆ ಬರೆದ, ಬಾಯಿಗೆ ಬುರುಡೆಯ ಹಲ್ಲು ಕೂರಿಸಿದ. ಒಂದು ರಾತ್ರಿಯ ಕೆಲಸ. ಎಲ್ಲರೂ ಹೌಹಾರಿ ಮೆಚ್ಚಿದರು. ಅದನ್ನೇ ಟೀ ಶರ್ಟಿಗೂ ಹಾಕಿಸಿದರು.

ಈಗ ಪುಸ್ತಕ ತೆರೆಯುತ್ತೇನೆ. ಸಿ.ಡಿ. 200, ಒಂದಕ್ಕೆ ತಗುಲಿದ ವೆಚ್ಚ 22 ರೂಪಾಯಿ. ನೂರು ರೂಪಾಯಿಯಂತೆ 140 ಮಾರಾಟವಾಗಿ ಕೈಗೆ ಉಳಿದದ್ದು 9,600. ಧ್ವನಿಮುದ್ರಣದ ಖರ್ಚು 18,000. ಹಾಡುಗಳಿಂದ ನಷ್ಟ 8,400. ಟೀ ಶರ್ಟ್ ಮೂರು ಕಂತಿನಲ್ಲಿ 150, ತಯಾರಿಕೆಗೆ 140 ರೂಪಾಯಿ, ಮಾರಿದ್ದು 350ಕ್ಕೆ, ಒಂದೂ ಉಳಿಯಲಿಲ್ಲ. ಲಾಭ 31,500. ಹಾಡಿನ ನಷ್ಟವನ್ನೂ ಜ್ಯಾಮ್‌ಪ್ಯಾಡಿನ ಬಾಡಿಗೆಯಲ್ಲಿ ಒಂದು ಪಾಲನ್ನೂ ತುಂಬಿಕೊಡುತ್ತಿದ್ದದ್ದು ಆ ಮುಖ. ಇದನ್ನು ನಾನು 2013ರಲ್ಲೇ ಅವರಿಗೆ ತೋರಿಸಿದ್ದೆ. ಹಾಡು ಬಿಟ್ಟು ಬನಿಯನ್ ಅಂಗಡಿ ಇಡೋಣ ಎಂದು ಡ್ರಮ್ಮಿನವನು ತಮಾಷೆ ಮಾಡಿದ. ಅದೇ ವರ್ಷ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅವನ ಜಾಗಕ್ಕೆ ಕಾರ್ಯಕ್ರಮಕ್ಕೆ ಇಷ್ಟು ಎಂದು ಕೂಲಿಗೆ ಬಾರಿಸುವ ಹೊಸಬ ಬಂದ. 2014ರ ಡಿಸೆಂಬರ್ ಕಾರ್ಯಕ್ರಮವೇ ಕೊನೆಯದಾಯಿತು, ಆಗ ಯಾರಿಗೂ ಅದು ಗೊತ್ತಿರಲಿಲ್ಲ.

2015ರ ಮಾರ್ಚಿನಲ್ಲಿ ಬಟ್ಟೆ ವ್ಯಾಪಾರಿಯೊಬ್ಬ ಗಿಟಾರಿನವನನ್ನು ಕಂಡ. ಆ ಮುಖವನ್ನು ತನ್ನ ಟೀ ಶರ್ಟುಗಳ ಮೇಲೆ ಮುದ್ರಿಸುವ ಹಕ್ಕಿಗೆ 40,000 ರೂಪಾಯಿ ಮುಂಗಡ, ಮಾರಿದ ಪ್ರತಿಯೊಂದಕ್ಕೆ 20 ರೂಪಾಯಿ. ಗಿಟಾರಿನವನು ಒಬ್ಬನೇ ಸಹಿ ಹಾಕಿದ. ಚಿತ್ರ ಬರೆದವನು ತಾನೇ ಅಲ್ಲವೇ ಎಂಬುದು ಅವನ ವಾದ. ಗಾಯಕನಿಗೆ ಸುದ್ದಿ ತಿಳಿದದ್ದು ಹದಿನೈದು ದಿನ ಕಳೆದು, ಅದೂ ಮೂರನೆಯವರ ಬಾಯಿಂದ. ಅವನು ಹಣ ಕೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. "ನನ್ನ ಮಾವನ ಮುಖವನ್ನು ನೀನು ಅಂಗಡಿಗೆ ಹಾಕಿದೆ, ಅವರಿಗೆ ಒಂದು ಮಾತು ಹೇಳಿದೆಯಾ?" ಎಂದು ಕೇಳಿದ. ಇಬ್ಬರೂ ಆಮೇಲೆ ಎರಡು ತಿಂಗಳು ಮಾತಾಡಲಿಲ್ಲ.

ಬೇಸ್ ನುಡಿಸುವ ನನ್ನ ತಮ್ಮ ಗಾಯಕನ ಪರ ನಿಂತ. ನಾನು ಯಾರ ಪರವೂ ಅಲ್ಲ ಎಂದು ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಗಿಟಾರಿನವನು ನಡೆದುಕೊಂಡ ರೀತಿ ನನಗೆ ಸರಿಬರಲಿಲ್ಲ.

ವಕೀಲೆಯ ಮಾತು, ಮಾವನ ಕನ್ನಡಕ

ಏಪ್ರಿಲಿನಲ್ಲಿ ನಮ್ಮ ಸೊಸೈಟಿಯಲ್ಲೇ ಇರುವ ವಕೀಲೆಯೊಬ್ಬರ ಬಳಿ ಪುಸ್ತಕ ಸಮೇತ ಹೋದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ಬರೆದವನೇ ಅದರ ಮೊದಲ ಒಡೆಯ, ನೋಂದಣಿ ಕಡ್ಡಾಯವಲ್ಲ, ಹಕ್ಕು ಅವನ ಬದುಕಿನುದ್ದಕ್ಕೂ ಇದ್ದು ಸತ್ತ ಮೇಲೂ 60 ವರ್ಷ ಉಳಿಯುತ್ತದೆ. ಅದನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ ಆಗಬೇಕು. ಇಲ್ಲಿ ಅಂಥ ಬರಹವಿಲ್ಲ. ತಲೆಮಾರುಗಳಿಂದ ಬಂದ ಮುಖವರ್ಣಿಕೆಗೆ ಒಬ್ಬ ಒಡೆಯನೆಂದು ಯಾರೂ ಇಲ್ಲ, ಹಾಗಾಗಿ ಗಾಯಕನ ಮಾವನೂ ಒಡೆಯರಲ್ಲ. ಆ ಸಂಪ್ರದಾಯಕ್ಕೆ ಚಿತ್ರಕಾರ ತನ್ನದಾಗಿ ಏನು ಸೇರಿಸಿದ್ದಾನೋ ಅಷ್ಟು ಅವನದು.

"ಹಾಗಾದರೆ ಆ ಹಳೆಯ ಫೋಟೊ ತೆಗೆದ ಸ್ಟುಡಿಯೊದವನು?" ಎಂದು ಕೇಳಿದೆ. "ಮಲಗಿರುವವನನ್ನು ನೀವೇಕೆ ಎಬ್ಬಿಸುತ್ತೀರಿ?" ಎಂದರು.

ಆಮೇಲೆ ಅವರು ನನ್ನ ಪುಸ್ತಕ ತಿರುವಿ ನಕ್ಕರು. ಪ್ರತಿ ಪುಟದ ಬಲಬದಿಗೆ ನಾನು "ನಾಲ್ಕು ಪಾಲು" ಎಂದು ಅಂಕಣ ಎಳೆದಿದ್ದೆ. 1932ರ ಪಾಲುದಾರಿಕೆ ಕಾಯಿದೆಗೆ ಕರಾರುಪತ್ರ ಇರಲೇಬೇಕೆಂದಿಲ್ಲ. ಕೂಡಿ ವ್ಯವಹಾರ ಮಾಡಿ ಲಾಭ ಹಂಚಿಕೊಂಡರೆ ಪಾಲುದಾರರೇ. ಈ ಹುಡುಗರು ಆರು ವರ್ಷದಿಂದ ತಮಗೇ ಗೊತ್ತಿಲ್ಲದೆ ಒಂದು ಸಂಸ್ಥೆಯ ಪಾಲುದಾರರಾಗಿದ್ದರು, ಅದಕ್ಕೆ ಸಾಕ್ಷಿ ನನ್ನ ಕೈಬರಹ. ತಂಡದ ಹೆಸರು, ಅದಕ್ಕೆ ಬಂದ ಮಾನ್ಯತೆ ಸಂಸ್ಥೆಯ ಸ್ವತ್ತು. ಟೀ ಶರ್ಟಿನ ಬಂಡವಾಳ ಹೋದದ್ದೂ ಸಾಮಾನ್ಯ ನಿಧಿಯಿಂದ. ಚಿತ್ರ ಒಬ್ಬನದು, ಆ ಚಿತ್ರ ಯಾವುದರ ಗುರುತಾಗಿ ಬೆಲೆ ಪಡೆಯಿತೋ ಅದು ನಾಲ್ವರದು. ಕೋರ್ಟಿಗೆ ಹೋದರೆ ಎರಡೂ ಕಡೆಯವರಿಗೆ ವಾದವಿದೆ, ವಾದಿಸುವ ಖರ್ಚು ಆ ನಲವತ್ತು ಸಾವಿರವನ್ನು ಮೊದಲ ವಾಯಿದೆಯಲ್ಲೇ ನುಂಗುತ್ತದೆ ಎಂದರು. ಆ ಪುಸ್ತಕದಲ್ಲಿ ಜ್ಯಾಮ್‌ಪ್ಯಾಡಿನ ಚಹಾ ಲೆಕ್ಕವೂ ಇದೆ. "ಚಿತ್ರ" ಎಂಬ ಒಂದು ಸಾಲು ಇಲ್ಲ. ಬರೆಯಬೇಕಾಗಿದ್ದವನು ನಾನೇ.

ಮೇ ತಿಂಗಳಲ್ಲಿ ಒಂದು ಸಂಜೆ ಗಾಯಕ, ಗಿಟಾರಿನವನು ಇಬ್ಬರನ್ನೂ ಒಂದೇ ರಿಕ್ಷಾದಲ್ಲಿ ಕೂರಿಸಿಕೊಂಡು ಕಲ್ಯಾಣದ ಮಾವನ ಮನೆಗೆ ಹೋದೆ. ಮಾವ ಆಗ ನಿವೃತ್ತರು, ಸಕ್ಕರೆ ಕಾಯಿಲೆ, ವೇಷ ಬಿಟ್ಟು ಮೂರು ವರ್ಷ. ಜಗಳದ ವಿಷಯ ಅವರಿಗೆ ಗೊತ್ತಿರಲಿಲ್ಲ. ಟೀ ಶರ್ಟನ್ನು ಅವರ ಮಡಿಲಲ್ಲಿ ಹರಡಿದೆವು. ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು.

"ಇದು ಯಾವ ವೇಷ?"

"ನಿಮ್ಮದೇ ಮಾವ. ಆ ಕಪ್ಪುಬಿಳುಪು ಫೋಟೊದ್ದು."

"ಆ ಫೋಟೊ ಪಂಚವಟಿಯ ಶೂರ್ಪನಖಿಯದು. ಹೆಣ್ಣುಬಣ್ಣ. ಹಣೆಯ ಗೆರೆ, ಕಣ್ಣು ಸರಿ ಉಂಟು. ಮೀಸೆ ಎಲ್ಲಿಂದ ಬಂತು ಮಾರಾಯ?"

ಯಾರೂ ಮಾತಾಡಲಿಲ್ಲ. ಒಳಗಿಂದ ಅತ್ತೆ ನಗುವುದು ಕೇಳಿಸಿತು. ಆರು ವರ್ಷ ಚೌಕಿಯ ಕಥೆ ಹೇಳಿಕೊಂಡು ತಿರುಗಿದ ಅಳಿಯನಿಗೂ ಅದು ಹೆಣ್ಣುಬಣ್ಣವೆಂದು ಹೊಳೆದಿರಲಿಲ್ಲ. ಗಾಯಕನ ಕಿವಿ ಕೆಂಪಾದದ್ದನ್ನು ನೋಡಿದೆ. ಗಿಟಾರಿನವನು ನೆಲ ನೋಡುತ್ತ, "ಬಾಯಿಯ ಮೇಲೆ ಜಾಗ ಖಾಲಿ ಕಾಣುತ್ತಿತ್ತು" ಎಂದ.

ವಕೀಲೆಯ ಮಾತು ನನಗೆ ಅಲ್ಲಿಯೇ ನೆನಪಾಯಿತು. ಸಂಪ್ರದಾಯಕ್ಕೆ ಅವನು ಸೇರಿಸಿದ್ದೆಷ್ಟೋ ಅಷ್ಟು ಅವನದು. ಆ ಮುಖದಲ್ಲಿ ಅವನದೆಂದು ನಿಸ್ಸಂದೇಹವಾಗಿ ಹೇಳಬಹುದಾದದ್ದು ಹಲ್ಲು ಮತ್ತು ಆ ತಪ್ಪು.

ಹಣದ ವಿಷಯ ಎತ್ತಿದಾಗ ಮಾವ ಕೈಯಾಡಿಸಿದರು. ಹಣೆಯ ಗೆರೆಗಳನ್ನು ತಾನು ತನ್ನ ಗುರುಗಳ ಮುಖ ನೋಡಿ ಕಲಿತದ್ದು, ಅವರು ಯಾರನ್ನು ನೋಡಿದ್ದರೋ ತಿಳಿಯದು, ಬೆಳಗಾದ ಮೇಲೆ ಎಣ್ಣೆ ಹಚ್ಚಿ ಒರೆಸುವ ಬಣ್ಣಕ್ಕೆ ಬಾಡಿಗೆ ಕೇಳಿದವರನ್ನು ಕಂಡಿಲ್ಲ ಎಂದರು. ಕೆಳಗೆ ಅವರ ಹೆಸರನ್ನಾದರೂ ಅಚ್ಚು ಹಾಕಿಸೋಣವೆಂದು ಗಾಯಕ ಹೇಳಿದ. "ಮೀಸೆಯಿರುವ ಶೂರ್ಪನಖಿಯ ಕೆಳಗೆ ನನ್ನ ಹೆಸರೇ? ಊರಿನಲ್ಲಿ ಯಾರಾದರೂ ನೋಡಿದರೆ?" ಎಂದು ಮಾವ ನಿಜಕ್ಕೂ ಗಾಬರಿಯಾದರು. ಟೀ ಶರ್ಟನ್ನು ಮಾತ್ರ ಮರಳಿ ಕೊಡಲಿಲ್ಲ.

ಮಾಟುಂಗಾದ ಒಪ್ಪಂದ

ಜೂನಿನ ಆ ಭಾನುವಾರಕ್ಕೆ ಡ್ರಮ್ಮಿನವನು ಪುಣೆಯಿಂದ ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ಬಂದಿದ್ದ. ಅವನಿಗೆ ಪಾಲು ಕೊಡಬೇಕೇ ಎಂಬುದರ ಮೇಲೆಯೇ ಒಂದು ಗಂಟೆ ಹೋಯಿತು. ಚಿತ್ರ ಹುಟ್ಟಿದ್ದು 2011ರಲ್ಲಿ, ಅವನು ಹೋದದ್ದು 2013ರಲ್ಲಿ, ಆದ್ದರಿಂದ ಪಾಲುಂಟು ಎಂದು ನಾನು ಪುಸ್ತಕ ತೋರಿಸಿದೆ. ಕೂಲಿಗೆ ಬಾರಿಸಿದ ಹೊಸಬನ ಹೆಸರನ್ನು ಯಾರೂ ಎತ್ತಲಿಲ್ಲ. ಈಗ ಯೋಚಿಸಿದರೆ ಅವನನ್ನೂ ಒಂದು ಮಾತು ಕೇಳಬಹುದಿತ್ತು.

ಎರಡು ಪುಟದ ಒಪ್ಪಂದ. ಚಿತ್ರದ ಕೃತಿಸ್ವಾಮ್ಯ ಗಿಟಾರಿನವನದು. ವ್ಯಾಪಾರಿಯಿಂದ ಬರುವ ಹಣ, ಮುಂಗಡವೂ ಸೇರಿ, ನಾಲ್ಕು ಸಮಪಾಲು. ತಂಡದ ಹೆಸರಿನಲ್ಲಿ ಮೊದಲ ನಾಲ್ವರಲ್ಲಿ ಮೂವರಿಲ್ಲದೆ ಯಾರೂ ನುಡಿಸುವಂತಿಲ್ಲ. ಹಾಡುಗಳು ಬರೆದವರಿಗೆ ಸೇರಿದ್ದು. ಹಡಗಿನ ಹಾಡಿಗೆ ಸಾಹಿತ್ಯ ಗಾಯಕನದು, ಸಂಗೀತ ನಾಲ್ವರದು. ಕಾಫಿ ಬರುವ ಹೊತ್ತಿಗೆ ಗಿಟಾರಿನವನು, "ನಿನಗೆ ಮೊದಲೇ ಹೇಳಬೇಕಿತ್ತು" ಎಂದ. ಗಾಯಕ "ಹೌದು" ಎಂದ. ಅಷ್ಟೇ. ಅಪ್ಪಿಕೊಳ್ಳುವುದೆಲ್ಲ ಆಗಲಿಲ್ಲ.

ಒಟ್ಟಾಗಿ ನುಡಿಸುವುದೂ ಆಗಲಿಲ್ಲ. ಮೂವರು ಸೇರಬೇಕೆಂಬ ಆ ಷರತ್ತನ್ನು ತಂಡ ಉಳಿಯಲೆಂದು ಬರೆದೆವು. ಒಬ್ಬ ಪುಣೆಯಲ್ಲಿ, ಇನ್ನೊಬ್ಬ ವರ್ಷದೊಳಗೆ ಬೆಂಗಳೂರಿಗೆ ಹೋದ ಮೇಲೆ ಮೂರರ ಲೆಕ್ಕ ಕೂಡಲೇ ಇಲ್ಲ. ಅದನ್ನು ಸೂಚಿಸಿದವನು ನಾನು.

ವ್ಯಾಪಾರಿ ಮೀಸೆ ಸಮೇತವೇ ಮುದ್ರಿಸಿದ. ಅವನಿಗೆ ಹೇಳಿದರೆ, "ಮೀಸೆ ಇರುವುದೇ ಓಡುತ್ತದೆ" ಎಂದನಂತೆ. ಅಷ್ಟೇನೂ ಓಡಲಿಲ್ಲ. ಮಾವ ತಮ್ಮ ಟೀ ಶರ್ಟಿನ ಮೀಸೆಯ ಮೇಲೆ ಕಪ್ಪು ಮಾರ್ಕರ್ ಬಳಿದು, ಬೆಳಗಿನ ವಾಕಿಂಗಿಗೆ ಅದನ್ನೇ ತೊಟ್ಟು ಹೋಗುತ್ತಿದ್ದರು. ಪ್ರತಿ ಒಗೆತಕ್ಕೂ ಮೀಸೆ ಮತ್ತೆ ಮೂಡುತ್ತಿತ್ತು, ಮತ್ತೆ ಬಳಿಯುತ್ತಿದ್ದರು.

ನೀಲಿ ಪುಸ್ತಕದ ಕೊನೆಯ ಸಾಲು 2016ರ ಆಗಸ್ಟಿನದು. ಟೀ ಶರ್ಟ್ 138, ತಲಾ 20ರಂತೆ 2,760 ರೂಪಾಯಿ, ನಾಲ್ಕು ಪಾಲು, ಒಬ್ಬೊಬ್ಬರಿಗೆ 690. ಡ್ರಮ್ಮಿನವನ ಖಾತೆಗೆ ಹಾಕಿದ ದಿನ ಸಂಜೆ ಅವನು ಪುಣೆಯಿಂದ ಫೋನ್ ಮಾಡಿ, ಬ್ಯಾಂಕಿನಿಂದ ಯಾವುದೋ 690 ರೂಪಾಯಿಯ ಸಂದೇಶ ಬಂದಿದೆ, ತಪ್ಪಿ ಹಾಕಿದ್ದೀರಾ ಎಂದು ಕೇಳಿದ. ಶೂರ್ಪನಖಿಯದು ಎಂದೆ.